ಕುಂಡದ ಮಣ್ಣು: ಕೊಳೆತದ್ದು ಮತ್ತು ಮಾಗಿದ್ದು

ಮನೆಯೊಳಗೆ ಕುಂಡದಲ್ಲಿ ಗಿಡ ಬೆಳೆಸಲು ಸಾವಯವ ಮಣ್ಣನ್ನು ಬೆರೆಸುವ ಕೆಲಸದಲ್ಲಿ ತೋಟಗಾರಿಕೆಯ ಕೈಪಿಡಿಗಳು ಎತ್ತಿಕೊಳ್ಳದ ಒಂದು ಪ್ರಶ್ನೆ ಅಡಗಿದ್ದು, ಅದು ಮಡಿ ಮೈಲಿಗೆಗೆ ಸಂಬಂಧಿಸಿದ ಧರ್ಮದ ಪ್ರಶ್ನೆಯಾಗಿದೆ. ಒಂದು ಕಾಲಕ್ಕೆ ಜೀವವಿದ್ದು ಆಮೇಲೆ ಕೊಳೆತು ಕರಗಿದ ವಸ್ತುಗಳಿಂದ ಫಲವತ್ತಾದ ಮಣ್ಣನ್ನು ಸಾವಯವ ಮಣ್ಣು ಎನ್ನುತ್ತಾರೆ. ಸಗಣಿ, ಉದುರಿದ ಎಲೆ, ಕಾಯಿಪಲ್ಲೆಯ ಸಿಪ್ಪೆ, ಬೇವಿನ ಹಿಂಡಿ, ಎರೆಹುಳುವಿನ ಹಿಕ್ಕೆ ಇವೇ ಅದರ ಸಾಮಗ್ರಿ. ಇವುಗಳಲ್ಲಿ ಬಹುಪಾಲು ಮನೆಯವರು ಮುಸುರೆಯೆಂದು, ಕಸವೆಂದು ಹೊಸ್ತಿಲಿನಾಚೆ ಹಾಕಿದವುಗಳೇ ಆಗಿದ್ದು, ಕೆಲವು ತಿಂಗಳ ಬಳಿಕ ಅವೇ ಕಪ್ಪು ಪುಡಿಯಾಗಿ ಕುಂಡದಲ್ಲಿ ಕುಳಿತು ಒಳಗೆ ಬರುತ್ತವೆ, ಎಷ್ಟೋ ಮನೆಗಳಲ್ಲಿ ದೇವರ ಜಗುಲಿಯ ಎದುರಿನ ತುಳಸಿಯ ಬುಡವನ್ನೂ ಸೇರುತ್ತವೆ. ಹೊರಗೆ ಹಾಕುವಾಗ ಅಶುದ್ಧವಾಗಿದ್ದದ್ದು ಒಳಗೆ ಬರುವಾಗ ಶುದ್ಧವಾಯಿತೆಂದರೆ ಅದನ್ನು ಶುದ್ಧಗೊಳಿಸಿದವರು ಯಾರು, ಅಥವಾ ಅದು ಮೊದಲಿನಿಂದಲೂ ಅಶುದ್ಧವಾಗಿರಲೇ ಇಲ್ಲವೆ ಎಂಬುದು ಇಲ್ಲಿ ವಿಚಾರ ಮಾಡಬೇಕಾದ ವಿಷಯ. ಹನ್ನೆರಡನೆಯ ಶತಮಾನದಲ್ಲಿ ಮೈಲಿಗೆಯ ಬಗೆಗೆ ಕನ್ನಡದ ಅತ್ಯಂತ ತೀವ್ರವಾದ ಚಿಂತನೆ ನಡೆದ ಕಲ್ಯಾಣವು ಇಂದಿನ ಬೀದರ್ ಜಿಲ್ಲೆಯಲ್ಲಿಯೇ ಇರುವುದರಿಂದ, ಈ ಪ್ರಶ್ನೆಯನ್ನು ಆ ನೆಲದ ಮಣ್ಣನ್ನೇ ಮುಂದಿಟ್ಟುಕೊಂಡು ನೋಡುವುದು ಉಚಿತ.

ಬೀದರ್ ನಗರವು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ ನೆಲೆಸಿದೆ. ಅಲ್ಲಿನ ಮಣ್ಣು ಕಬ್ಬಿಣದ ಆಕ್ಸೈಡಿನಿಂದ ಕೆಂಪಾಗಿದ್ದು, ನೀರನ್ನು ಬೇಗ ಬಸಿಯಬಿಡುತ್ತದೆ, ರಂಜಕವನ್ನು ಮಾತ್ರ ತನ್ನಲ್ಲೇ ಬಿಗಿಹಿಡಿದು ಬೇರಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ನಗರದಿಂದ ಉತ್ತರಕ್ಕೆ ಜನವಾಡದ ಕಡೆಗೆ, ಮಾಂಜ್ರಾ ನದಿಯ ಬಯಲಿನತ್ತ ಇಳಿದಂತೆ ಕೆಂಪು ಹಿಂದೆ ಸರಿದು ಎರೆಮಣ್ಣು ಕಾಣಿಸಿಕೊಳ್ಳುತ್ತದೆ, ಮತ್ತು ಭಾಲ್ಕಿ, ಔರಾದ್ ತಾಲ್ಲೂಕುಗಳ ಬಹುಪಾಲು ಹೊಲಗಳು ಇದೇ ಕಪ್ಪು ಮಣ್ಣಿನವು. ಎರೆಮಣ್ಣು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗಿ, ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಅಗಲಕ್ಕೆ ಬಾಯಿಬಿಡುತ್ತದೆ. ಹೊಲದಲ್ಲಿ ಈ ಗುಣವೇ ಹಿಂಗಾರಿ ಜೋಳಕ್ಕೆ ಮಳೆಯಿಲ್ಲದ ತಿಂಗಳುಗಳಲ್ಲಿ ತೇವ ಉಳಿಸಿಕೊಡುತ್ತದೆ. ಕುಂಡದಲ್ಲಾದರೆ ಅದೇ ಗುಣ ಕಂಟಕವಾಗಿ, ಹಸಿಯಾದಾಗ ಬೇರಿಗೆ ಗಾಳಿ ಸಿಗದಂತೆ ಮುಚ್ಚಿಕೊಳ್ಳುತ್ತದೆ, ಒಣಗಿದಾಗ ಕುಂಡದ ಗೋಡೆಯಿಂದ ಬಿಟ್ಟುಕೊಂಡು, ಹಾಕಿದ ನೀರು ಬೇರನ್ನು ಮುಟ್ಟದೆ ಸಂದಿನಲ್ಲಿ ಹರಿದುಹೋಗುವಂತೆ ಮಾಡುತ್ತದೆ. ಆದ್ದರಿಂದ ಈ ಭಾಗದಲ್ಲಿ ಕುಂಡದ ಮಣ್ಣನ್ನು ಬೆರೆಸಿಯೇ ಸಿದ್ಧಪಡಿಸಬೇಕು: ಸುಮಾರು ಎರಡು ಪಾಲು ಮಣ್ಣು, ಸಾಧ್ಯವಾದರೆ ಕೆಂಪು ಮತ್ತು ಎರೆ ಎರಡೂ ಕೂಡಿದ್ದು, ಒಂದು ಪಾಲು ಚೆನ್ನಾಗಿ ಮಾಗಿದ ತಿಪ್ಪೆಗೊಬ್ಬರ ಇಲ್ಲವೆ ಎರೆಗೊಬ್ಬರ, ಒಂದು ಪಾಲು ಉಸುಕು ಅಥವಾ ತೆಂಗಿನ ನಾರಿನ ಪುಡಿ, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಅಂಗೈಯಲ್ಲಿ ಹಿಡಿದು ಒತ್ತಿದರೆ ಉಂಡೆಯಾಗಿ, ಬೆರಳಿನಿಂದ ತಟ್ಟಿದರೆ ಉದುರಿಹೋಗುವ ಸ್ಥಿತಿಗೆ ಬಂದರೆ ಆ ಮಿಶ್ರಣಕ್ಕೆ ಹದ ಬಂದಿದೆ ಎನ್ನುತ್ತಾರೆ.

ಹೊಲದ ಮಣ್ಣಿಗೂ ಕುಂಡದ ಮಣ್ಣಿಗೂ ಇರುವ ಮುಖ್ಯ ವ್ಯತ್ಯಾಸವು ಈ ಪ್ರಮಾಣಗಳಿಗಿಂತ ಆಳದಲ್ಲಿದೆ. ಹೊಲದಲ್ಲಿ ಎಲೆ ತಾನಾಗಿ ಉದುರುತ್ತದೆ, ದನ ತಾನಾಗಿ ಸಗಣಿ ಹಾಕುತ್ತದೆ, ಹುಳು ತಾನಾಗಿ ಅಗೆಯುತ್ತದೆ, ಸತ್ತದ್ದು ಯಾರ ಅನುಮತಿಯನ್ನೂ ಕೇಳದೆ ಮಣ್ಣಾಗುತ್ತದೆ. ಮನೆಯೊಳಗಿನ ಕುಂಡಕ್ಕೆ ಮಳೆಯಿಲ್ಲ, ಉದುರಿದ ಎಲೆಗಳ ಹೊದಿಕೆಯಿಲ್ಲ, ಹೊಸ ಜೀವಿಗಳು ಬಂದು ಸೇರುವ ದಾರಿಯೂ ಬಹುಮಟ್ಟಿಗೆ ಮುಚ್ಚಿದೆ. ಅದರೊಳಗೆ ಹೋಗುವ ಪ್ರತಿಯೊಂದು ಕಣವೂ ಮನುಷ್ಯನ ಕೈ ಮೂಲಕವೇ ಹೋಗಬೇಕು. ಪ್ರಕೃತಿ ವಿಚಾರಿಸದೆ ಮಾಡುವುದನ್ನು ಇಲ್ಲಿ ಮನುಷ್ಯ ಆರಿಸಿ ಮಾಡಬೇಕಾಗುತ್ತದೆ, ಮತ್ತು ಆಯ್ಕೆ ಬಂದಲ್ಲಿ ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬ ವಿವೇಚನೆಯೂ ಬರುತ್ತದೆ.

ಮನೆಯೊಳಗೆ ಮಣ್ಣು ತಂದು ಬೀಜ ಬಿತ್ತುವ ಪದ್ಧತಿ ಬೀದರ್ ಸೀಮೆಗೆ ಹೊಸದಲ್ಲ. ನೆರೆಯ ಮರಾಠವಾಡದಲ್ಲಿರುವಂತೆಯೇ ಇಲ್ಲಿನ ಅನೇಕ ಮನೆಗಳಲ್ಲಿ ನವರಾತ್ರಿಯ ಮೊದಲ ದಿನ ಘಟಸ್ಥಾಪನೆ ನಡೆಯುತ್ತದೆ. ಹೊಲದಿಂದ ತಂದ ಮಣ್ಣನ್ನು ಕೈಯಲ್ಲಿ ಪುಡಿಮಾಡಿ, ಕಲ್ಲು ಕಸ ಆರಿಸಿ, ಪತ್ರಾವಳಿಯ ಅಥವಾ ಬುಟ್ಟಿಯ ಮೇಲೆ ಹರಡಿ, ಗೋದಿ, ಜೋಳ ಮೊದಲಾದ ಕಾಳುಗಳನ್ನು ಬಿತ್ತಿ, ನಡುವೆ ನೀರು ತುಂಬಿದ ಮಣ್ಣಿನ ಘಟವನ್ನು ಇಡುತ್ತಾರೆ. ಸುಟ್ಟ ಮಣ್ಣಿನ ಸಣ್ಣ ರಂಧ್ರಗಳ ಮೂಲಕ ಘಟದ ನೀರು ಮೆಲ್ಲಗೆ ಜಿನುಗಿ ಸುತ್ತಲಿನ ಮಣ್ಣನ್ನು ತಂಪಾಗಿಡುತ್ತದೆ. ದೀಪದ ಬೆಳಕಷ್ಟೇ ಇರುವ ದೇವರ ಕೋಣೆಯಲ್ಲಿ ಸಸಿಗಳು ಹಸಿರಿನ ಅಂಶ ಕಡಿಮೆಯಾಗಿ ತೆಳುವಾಗಿ, ಹಳದಿಯಾಗಿ ಎತ್ತರಕ್ಕೆ ಏಳುತ್ತವೆ. ದಸರೆಯ ಹೊತ್ತಿಗೆ ಆ ಸಸಿಗಳು ದೇವರಿಗೂ ಹಿರಿಯರ ತಲೆಗೂ ಏರಿ, ಮಣ್ಣು ಹೊಲಕ್ಕೋ ನೀರಿಗೋ ಮರಳುತ್ತದೆ. ಈ ಆಚರಣೆಯಲ್ಲಿ ಗೊಬ್ಬರಕ್ಕೆ ಸಾಮಾನ್ಯವಾಗಿ ಸ್ಥಳವಿಲ್ಲ, ಬೇಕಾಗಿಯೂ ಇಲ್ಲ. ಕಾಳಿನೊಳಗೇ ಸಸಿಯ ಮೊದಲ ದಿನಗಳಿಗೆ ಸಾಲುವಷ್ಟು ಆಹಾರ ಇರುವುದರಿಂದ, ಒಂಬತ್ತು ದಿನಗಳ ಮಟ್ಟಿಗೆ ಮಣ್ಣು ತೇವ ಮತ್ತು ಆಸರೆಯನ್ನು ಮಾತ್ರ ಕೊಟ್ಟರೆ ಸಾಕಾಗುತ್ತದೆ.

ಔರಾದ್ ಮತ್ತು ಭಾಲ್ಕಿ ಭಾಗದ ಲಂಬಾಣಿ ತಾಂಡಾಗಳಲ್ಲಿ ಶ್ರಾವಣದಲ್ಲಿ ನಡೆಯುವ ತೀಜ್ ಹಬ್ಬವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಮದುವೆಯಾಗದ ಹೆಣ್ಣುಮಕ್ಕಳು ಬುಟ್ಟಿಗಳಲ್ಲಿ ಮಣ್ಣು ಮತ್ತು ಗೊಬ್ಬರವನ್ನು ಕಲಸಿ ತುಂಬಿ, ಗೋದಿ ಬಿತ್ತಿ, ದಿನವೂ ಹಾಡುತ್ತ ನೀರೆರೆದು, ಒಂಬತ್ತು ದಿನಗಳಾದ ಮೇಲೆ ಸಸಿಗಳನ್ನು ನಾಯಕನಿಗೂ ಹಿರಿಯರಿಗೂ ಹಂಚುತ್ತಾರೆ. ಎರಡೂ ಆಚರಣೆಗಳು ಒಂದೇ ಜಿಲ್ಲೆಯವು, ಎರಡರಲ್ಲೂ ಒಂಬತ್ತು ದಿನಗಳ ಸಸಿ ಪೂಜ್ಯವಾದದ್ದು. ಆದರೆ ಒಂದರಲ್ಲಿ ಆರಿಸಿದ ಶುದ್ಧ ಮಣ್ಣು, ಇನ್ನೊಂದರಲ್ಲಿ ಗೊಬ್ಬರ ಕಲಸಿದ ಮಣ್ಣು. ಗೊಬ್ಬರವು ದೈವಸಾನ್ನಿಧ್ಯಕ್ಕೆ ಸಲ್ಲದೆಂಬ ಒಂದೇ ಅಭಿಪ್ರಾಯ ಜನಜೀವನದಲ್ಲಿ ಎಂದೂ ಇರಲಿಲ್ಲವೆಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಶಾಸ್ತ್ರವೂ ಈ ವಿಷಯದಲ್ಲಿ ಒಂದೇ ದನಿಯಲ್ಲಿ ಮಾತನಾಡುವುದಿಲ್ಲ. ಉಂಡು ಉಳಿದದ್ದು ಉಚ್ಛಿಷ್ಟ, ಅಂದರೆ ಎಂಜಲು, ಮತ್ತು ಅದು ಪೂಜೆಗೆ ವರ್ಜ್ಯ ಎನ್ನುವ ಪರಂಪರೆಯೇ ಸಗಣಿಯನ್ನು ಶುದ್ಧಿಯ ಸಾಧನವೆಂದು ನೆಲಕ್ಕೆ ಸಾರಿಸುತ್ತದೆ. ಅದೇ ಸಗಣಿ ಸುಟ್ಟರೆ ವಿಭೂತಿಯಾಗಿ ಹಣೆಗೇರುತ್ತದೆ, ಕೊಳೆತರೆ ಗೊಬ್ಬರವಾಗಿ ಹೊಲಕ್ಕಿಳಿಯುತ್ತದೆ. ಕಲ್ಯಾಣದಲ್ಲಿ ಆ ಚಿಂತನೆ ನಡೆಸಿದ ಶರಣರ ನಿಲುವು ಇದಕ್ಕಿಂತ ನೇರವಾದದ್ದು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು, ಅಂದರೆ ಮನುಷ್ಯನನ್ನು ಅಶುದ್ಧನನ್ನಾಗಿ ಮಾಡುತ್ತವೆಯೆಂದು ನಂಬಲಾಗಿದ್ದ ಐದು ಸ್ಥಿತಿಗಳನ್ನು, ಲಿಂಗಾಯತ ಧರ್ಮವು ಅಲ್ಲಗಳೆಯಿತು. ಈ ಐದನ್ನು ಒಟ್ಟಿಗೆ ನೋಡಿದರೆ ಅವುಗಳ ನಡುವಿನ ನಂಟು ತಿಳಿಯುತ್ತದೆ: ಹುಟ್ಟು, ಸಾವು, ರಕ್ತ, ಉಳಿದ ಅನ್ನ ಇವು ಒಂದು ಜೀವ ಇನ್ನೊಂದಕ್ಕೆ ದಾಟುವ ಗಡಿಗಳಾಗಿದ್ದು, ಆ ಗಡಿಗಳಲ್ಲಿ ನಿಂತು ದುಡಿದ ಜನರ ಮೇಲೆ ಐದನೆಯ ಸೂತಕವಾದ ಜಾತಿಯನ್ನು ಹೊರಿಸಲಾಯಿತು. ಮಣ್ಣಿನಲ್ಲಿ ಕೊಳೆಯುವ ಕ್ರಿಯೆಯೂ ಇಂಥದೊಂದು ಗಡಿಯೇ ಆಗಿರುವುದರಿಂದ, ಎಂಜಲಿನ ಸೂತಕ ಬಿದ್ದುಹೋದರೆ ತಿಪ್ಪೆಯ ಸೂತಕವೂ ಅದರೊಂದಿಗೆ ಬೀಳಲೇಬೇಕು.

ಇದನ್ನು ಹೇಳುವಾಗ ಒಂದು ಎಚ್ಚರ ಅಗತ್ಯ. ಇಂದು ನಗರದ ಮನೆಗಳಲ್ಲಿ ಕೈಯಾರೆ ಗೊಬ್ಬರ ಕಲಸುವುದು ಮೆಚ್ಚುಗೆಯ ಹವ್ಯಾಸವಾಗಿದೆ. ಆದರೆ ಇದೇ ಕೆಲಸವನ್ನು, ಸತ್ತ ದನವನ್ನು ಹೊರುವುದರಿಂದ ಹಿಡಿದು ಬೀದಿಯ ಕಸ ಗುಡಿಸುವವರೆಗೆ, ತಲೆಮಾರುಗಳ ಕಾಲ ಮಾಡಿದವರಿಗೆ ಮೆಚ್ಚುಗೆ ಸಿಕ್ಕಿರಲಿಲ್ಲ, ಊರ ಹೊರಗಿನ ಕೇರಿ ಸಿಕ್ಕಿತ್ತು. ಚರ್ಮ ಹದಮಾಡುವ ಡೋಹರ ಕಕ್ಕಯ್ಯ, ಕಸ ಗುಡಿಸುವ ಕಾಯಕದ ಸತ್ಯಕ್ಕ ಇಂಥವರು ಶರಣರ ನಡುವೆ ಕುಳಿತದ್ದರ ಅರ್ಥ ಅಲ್ಲಿದೆ. ಕೊಳೆತದ್ದು ಶುದ್ಧವೆಂದು ಒಪ್ಪಿಕೊಂಡು, ಅದನ್ನು ಮುಟ್ಟುವ ಪೌರಕಾರ್ಮಿಕರನ್ನು ಮಾತ್ರ ಇನ್ನೂ ದೂರ ನಿಲ್ಲಿಸುವ ಮನೆಯಲ್ಲಿ ಮೈಲಿಗೆಯ ಪ್ರಶ್ನೆ ಬಗೆಹರಿದಿಲ್ಲ. ಅದು ವಸ್ತುವನ್ನು ಬಿಟ್ಟು ವ್ಯಕ್ತಿಯ ಮೇಲೆ ಉಳಿದುಕೊಂಡಿದೆ ಎಂದೇ ತಿಳಿಯಬೇಕು.

ಕುಂಡವೂ ಮಣ್ಣೇ ಆಗಿದ್ದು, ಅದನ್ನು ಮಾಡುವ ಕಾಯಕದ ನೆನಪು ಭಾಲ್ಕಿಗೆ ವಿಶೇಷವಾಗಿ ಸೇರಿದೆ. ಹರಿಹರ ಕವಿಯು ರಗಳೆಯಲ್ಲಿ ಕಥೆ ಹೇಳಿರುವ ಕುಂಬಾರ ಗುಂಡಯ್ಯ ಅಂದು ಭಲ್ಲುಂಕೆ ಎನಿಸಿಕೊಂಡಿದ್ದ ಭಾಲ್ಕಿಯವನು; ಮಡಕೆಯನ್ನು ತಟ್ಟುವ ಅವನ ಕೈಯ ನಾದಕ್ಕೆ ಶಿವನೇ ಇಳಿದುಬಂದು ಕುಣಿದನೆಂಬುದು ಆ ಕಥೆಯ ಸಾರ. ಅವನ ಪತ್ನಿಯೆಂದು ಪರಂಪರೆ ಗುರುತಿಸುವ ಕೇತಲದೇವಿ ಕುಂಭೇಶ್ವರ ಎಂಬ ಅಂಕಿತದಲ್ಲಿ ವಚನ ರಚಿಸಿದವಳು, ಮತ್ತು ಹದವಿಲ್ಲದ ಮಣ್ಣು ಮಡಕೆಯಾಗದೆಂಬ ತನ್ನ ಕಸುಬಿನ ಅನುಭವವನ್ನೇ ಅವಳು ವ್ರತನಿಷ್ಠೆಯ ವಿಚಾರಕ್ಕೆ ಅನ್ವಯಿಸಿದ್ದಾಳೆ. ಕುಂಬಾರನ ಹದಕ್ಕೂ ಗಿಡದ ಮಣ್ಣಿನ ಹದಕ್ಕೂ ಗುರಿ ಬೇರೆ. ಮಡಕೆಯ ಮಣ್ಣು ಅಂಟಾಗಿ, ಒತ್ತಾಗಿ, ಗಾಳಿಯ ಗುಳ್ಳೆಯಿಲ್ಲದಂತೆ ಬರಬೇಕು. ಆವಿಗೆಯ ಉರಿಯಲ್ಲಿ ಅದು ಮತ್ತೆಂದೂ ನೀರಿಗೆ ಕರಗದ ಪದಾರ್ಥವಾಗಿ, ಬೆಳೆಸುವ ಶಕ್ತಿಯನ್ನು ಬಿಟ್ಟುಕೊಡುತ್ತದೆ. ಅದರೊಳಗೆ ತುಂಬುವ ಮಣ್ಣು ಸಡಿಲವಾಗಿ, ಗಾಳಿಯಾಡುವಂತೆ, ಎಂದಿಗೂ ಪೂರ್ಣಗೊಳ್ಳದ ಸ್ಥಿತಿಯಲ್ಲಿ ಇರಬೇಕು. ಬೀದರಿನಲ್ಲಿ ಮೂರನೆಯದೊಂದು ಹದವೂ ಇದೆ: ಬಿದರಿ ಕುಶಲಕರ್ಮಿಗಳು ಕೋಟೆಯ ಹಳೆಯ ಕಟ್ಟಡಗಳಲ್ಲಿ ಬಹುಕಾಲ ಮಳೆ ಬಿಸಿಲು ಕಾಣದ ಮಣ್ಣನ್ನು ಹುಡುಕಿ ತಂದು, ನವಸಾಗರದೊಂದಿಗೆ ನೀರಿನಲ್ಲಿ ಕುದಿಸಿ, ಸತುವಿನ ಮಿಶ್ರಲೋಹವನ್ನು ಕಪ್ಪಾಗಿಸುತ್ತಾರೆ. ಆ ಕಲೆಗೆ ಶ್ರೇಷ್ಠವಾದ ಮಣ್ಣು ಗಿಡಕ್ಕೆ ಯೋಗ್ಯವಲ್ಲ, ಗಿಡಕ್ಕೆ ಶ್ರೇಷ್ಠವಾದದ್ದು ಆ ಕಲೆಗೆ ನಿರುಪಯುಕ್ತ. ಮಣ್ಣಿನ ಯೋಗ್ಯತೆಯನ್ನು ಅದರ ಮೂಲದಿಂದ ನಿರ್ಣಯಿಸದೆ, ಅದು ಯಾವ ಕೆಲಸಕ್ಕೆ ಯಾವ ಸ್ಥಿತಿಗೆ ಬಂದಿದೆ ಎಂಬುದರಿಂದ ನಿರ್ಣಯಿಸಬೇಕೆಂಬುದನ್ನು ಕಸುಬಿನವರು ಮೊದಲಿನಿಂದಲೂ ತಿಳಿದಿದ್ದರು.

ಗೊಬ್ಬರದ ಅಶುದ್ಧಿ ಗಿಡದ ಮೂಲಕ ತುಳಸಿಯ ಎಲೆಗೂ, ಎಲೆಯ ಮೂಲಕ ದೇವರಿಗೂ ತಲುಪುತ್ತದೆಯೆಂಬ ಶಂಕೆಗೆ ವಿಜ್ಞಾನದ ಇತಿಹಾಸದಲ್ಲಿ ನೇರವಾದ ಉತ್ತರವಿದ್ದು, ಅದು ದೊರೆತದ್ದೂ ಒಂದು ಕುಂಡದಿಂದಲೇ. ಯುರೋಪಿನ ಯಾನ್ ಬಾಪ್ಟಿಸ್ಟ್ ವಾನ್ ಹೆಲ್ಮಾಂಟ್ ಎಂಬ ವಿದ್ವಾಂಸನು 200 ಪೌಂಡ್ ಒಣಮಣ್ಣನ್ನು ಕುಂಡಕ್ಕೆ ತುಂಬಿ, ಅದರಲ್ಲಿ 5 ಪೌಂಡ್ ತೂಕದ ವಿಲ್ಲೋ ಸಸಿಯನ್ನು ನೆಟ್ಟು, ಐದು ವರ್ಷ ನೀರನ್ನಷ್ಟೇ ಹಾಕಿದ. ಕೊನೆಗೆ ಗಿಡ 169 ಪೌಂಡನ್ನು ಮೀರಿತ್ತು, ಮಣ್ಣು ಕಳೆದುಕೊಂಡದ್ದು ಸುಮಾರು 2 ಔನ್ಸ್ ಮಾತ್ರ. 1648ರಲ್ಲಿ, ಅವನು ತೀರಿಕೊಂಡ ಮೇಲೆ, ಈ ಪ್ರಯೋಗದ ವಿವರ ಪ್ರಕಟವಾಯಿತು. ಗಿಡದ ಮೈಯೆಲ್ಲ ನೀರಿನಿಂದಲೇ ಆಯಿತೆಂದು ಅವನು ತಪ್ಪಾಗಿ ತೀರ್ಮಾನಿಸಿದ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಗಿಡವು ಬೆಳಕಿನ ಬಲದಿಂದ ಮೈಗೂಡಿಸಿಕೊಳ್ಳುತ್ತದೆ ಎಂಬುದು ತಿಳಿದದ್ದು ಆಮೇಲೆ. ಮಣ್ಣು ತೂಕದಲ್ಲಿ ಕೊಡುವುದು ಅತ್ಯಲ್ಪ, ಆದರೆ ಆ ಅತ್ಯಲ್ಪವಿಲ್ಲದೆ ಗಿಡವಿಲ್ಲ. ಅದನ್ನೂ ಬೇರು ಹೀರುವುದು ಸಾರಜನಕ, ರಂಜಕ, ಪೊಟ್ಯಾಷ್ ಮೊದಲಾದವುಗಳ ಸರಳ ಲವಣಗಳ ರೂಪದಲ್ಲಿ, ಮತ್ತು ಆ ಲವಣದ ಕಣಕ್ಕೆ ತಾನು ಸಗಣಿಯಿಂದ ಬಂದೆನೋ ಸಿಪ್ಪೆಯಿಂದ ಬಂದೆನೋ ಎಂಬ ಗುರುತು ಉಳಿದಿರುವುದಿಲ್ಲ. ಪೃಥ್ವಿಯಿಂದ ಓಷಧಿ, ಓಷಧಿಯಿಂದ ಅನ್ನ, ಅನ್ನದಿಂದ ಪುರುಷ ಎಂದು ತೈತ್ತಿರೀಯ ಉಪನಿಷತ್ತು ಹೇಳುವ ಸರಣಿಯಲ್ಲಿ ಪೃಥ್ವಿಗೂ ಮೊದಲು ಆಕಾಶ, ವಾಯು, ಅಗ್ನಿ, ಜಲಗಳು ಬರುತ್ತವೆಂಬುದನ್ನು ಈ ಸಂದರ್ಭದಲ್ಲಿ ನೆನೆದರೆ, ಗಿಡವು ಮಣ್ಣೊಂದರದೇ ಮಗುವಲ್ಲವೆಂಬ ಅರಿವು ಹಿರಿಯರ ಚಿಂತನೆಗೂ ಹೊರತಾಗಿರಲಿಲ್ಲವೆಂದು ತೋರುತ್ತದೆ.

ಆದರೆ ಈ ಉತ್ತರ ತನ್ನೊಂದಿಗೆ ಇನ್ನೂ ಕಠಿಣವಾದ ಪ್ರಶ್ನೆಯನ್ನು ತರುತ್ತದೆ. ಬೇರು ಹೀರುವ ಲವಣಕ್ಕೆ ಮೂಲದ ಗುರುತಿಲ್ಲವೆಂದಾದರೆ, ಯೂರಿಯಾ ಚೀಲದಿಂದ ಬಂದ ಸಾರಜನಕವೂ ಅದೇ ಅಲ್ಲವೆ, ಹಾಗಿದ್ದಲ್ಲಿ ಸಾವಯವ ಮಣ್ಣಿಗಾಗಿ ತಿಂಗಳುಗಟ್ಟಲೆ ಕಾಯುವುದರಲ್ಲಿ ಧಾರ್ಮಿಕವಾಗಿ ಏನಿದೆ? ಗಿಡದ ಊಟವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಇದಕ್ಕೆ ಸಮಾಧಾನವಿಲ್ಲ. ಮಣ್ಣಿನಲ್ಲಿ ಉಣ್ಣುವವರು ಬೇರೆಯೂ ಇದ್ದಾರೆ. ಒಂದು ಚಿಟಿಕೆ ಜೀವಂತ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳೂ ಶಿಲೀಂಧ್ರದ ಎಳೆಗಳೂ ಇದ್ದು, ಅವು ತಮ್ಮ ಆಹಾರವನ್ನು ಕೊಳೆಯುವ ವಸ್ತುವಿನಿಂದ ಪಡೆಯುತ್ತವೆ. ಯೂರಿಯಾದಿಂದ ಗಿಡ ಉಂಡೀತು, ಆದರೆ ಇಂಗಾಲವಿಲ್ಲದೆ ಮಣ್ಣಿನ ಜೀವಿಗಳು ಹಸಿದಿರುತ್ತವೆ, ಅವು ಕಟ್ಟಿದ ಸಣ್ಣ ಸಣ್ಣ ಹರಳುಗಳು ಒಡೆದು ಕುಂಡದ ಮಣ್ಣು ಇಟ್ಟಿಗೆಯಂತೆ ಬಿಗಿಯುತ್ತದೆ. ಶರಣರ ದಾಸೋಹದ ಪರಿಕಲ್ಪನೆ ಇಲ್ಲಿ ಒದಗಿಬರುತ್ತದೆ: ದಾಸೋಹವೆಂದರೆ ಗಳಿಸಿದ್ದನ್ನು ತನ್ನದೆಂದು ಹಿಡಿಯದೆ, ಕೊಡುವೆನೆಂಬ ಹಮ್ಮೂ ಇಲ್ಲದೆ, ಸಮುದಾಯಕ್ಕೆ ಸಲ್ಲಿಸುವುದು, ಮತ್ತು ಅದರ ಪಂಕ್ತಿಯಲ್ಲಿ ಕಣ್ಣಿಗೆ ಬೀಳುವ ಅತಿಥಿಯೊಬ್ಬನಿಗೇ ಬಡಿಸಿ ಉಳಿದವರನ್ನು ಮರೆಯುವಂತಿಲ್ಲ. ಹನ್ನೆರಡನೆಯ ಶತಮಾನದ ದಾಸೋಹ ಮನುಷ್ಯರನ್ನು ಕುರಿತದ್ದಾಗಿದ್ದು, ಅದನ್ನು ಸೂಕ್ಷ್ಮಜೀವಿಗಳಿಗೆ ವಿಸ್ತರಿಸುವುದು ಇಂದಿನ ಓದೇ ಹೊರತು ವಚನಕಾರರ ಮಾತಲ್ಲ ಎಂಬುದನ್ನು ಒಪ್ಪಿಕೊಂಡೇ, ಈ ವಿಸ್ತರಣೆ ಆ ತತ್ತ್ವದ ದಿಕ್ಕಿಗೆ ವಿರುದ್ಧವಾಗಿಲ್ಲ ಎನ್ನಬಹುದು.

ಜೈನ ದರ್ಶನವು ಇನ್ನೂ ಮುಂದೆ ಹೋಗುತ್ತದೆ. ರಾಷ್ಟ್ರಕೂಟರ ಕಾಲದಲ್ಲಿ ಇಲ್ಲಿಗೆ ದೂರವಲ್ಲದ ಮಳಖೇಡದಲ್ಲಿ ಬೇರೂರಿದ್ದ ಆ ದರ್ಶನದ ಪ್ರಕಾರ ಮಣ್ಣೇ ಜೀವಿಗಳ ಶರೀರ. ಸ್ಪರ್ಶವೆಂಬ ಒಂದೇ ಇಂದ್ರಿಯವುಳ್ಳ ಪೃಥ್ವೀಕಾಯಿಕ ಜೀವಗಳು ಅದರಲ್ಲಿವೆ, ಮುನಿಯಾದವನು ನೆಲ ಅಗೆಯುವಂತಿಲ್ಲ. ಗೃಹಸ್ಥನಿಗೆ ಇದು ಅಸಾಧ್ಯವಾದ್ದರಿಂದ, ಮನೆವಾರ್ತೆಯಲ್ಲಿ ಅನಿವಾರ್ಯವಾಗಿ ಆಗುವ ಆರಂಭೀ ಹಿಂಸೆಯನ್ನು ಕೊಲ್ಲಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯಿಂದ ಬೇರ್ಪಡಿಸಿ, ಮೊದಲನೆಯದನ್ನು ಎಚ್ಚರದಿಂದ ಕಡಿಮೆ ಮಾಡುತ್ತ, ಎರಡನೆಯದನ್ನು ತ್ಯಜಿಸಲು ಹೇಳಲಾಗಿದೆ. ಕುಂಡಕ್ಕೆ ತುಂಬುವ ಮೊದಲು ಮಣ್ಣನ್ನು ಒಲೆಯ ಮೇಲೆ ಹುರಿದು ಅಥವಾ ರಾಸಾಯನಿಕ ಸುರಿದು ಅದರ ಜೀವಿಗಳನ್ನೆಲ್ಲ ಕೊಲ್ಲುವ ರೂಢಿಗೆ ಈ ವಿವೇಚನೆಯನ್ನು ಅನ್ವಯಿಸಿದರೆ, ಬೇಸಿಗೆಯ ಬಿಸಿಲಿನಲ್ಲಿ ಮಣ್ಣನ್ನು ಹರಡಿ ಕೀಟದ ಮೊಟ್ಟೆಗಳನ್ನು ಕಡಿಮೆ ಮಾಡುವುದಕ್ಕೂ, ಒಂದು ಹುಳುವಿನ ಭಯಕ್ಕೆ ಇಡೀ ಲೋಕವನ್ನೇ ಸುಡುವುದಕ್ಕೂ ಇರುವ ಅಂತರ ತಿಳಿಯುತ್ತದೆ. ಎರಡನೆಯದು ತೋಟಗಾರಿಕೆಯ ದೃಷ್ಟಿಯಿಂದಲೂ ಜಾಣತನವಲ್ಲ. ಖಾಲಿಯಾದ ಮಣ್ಣನ್ನು ಮೊದಲು ಆಕ್ರಮಿಸುವುದು ಅನೇಕ ವೇಳೆ ರೋಗದ ಶಿಲೀಂಧ್ರಗಳೇ.

ಮೂಗು ಈ ವಿಷಯದಲ್ಲಿ ಮನುಷ್ಯನಿಗೆ ದೊರೆತ ಅತ್ಯಂತ ಪ್ರಾಮಾಣಿಕ ಸಾಕ್ಷಿ. ಸಿಪ್ಪೆ, ಸಗಣಿಗಳ ರಾಶಿಗೆ ಗಾಳಿ ಸಿಗದಿದ್ದರೆ, ಆಮ್ಲಜನಕವಿಲ್ಲದೆ ಬದುಕುವ ಜೀವಿಗಳು ಅದನ್ನು ಆಕ್ರಮಿಸಿ, ಕೊಳೆತ ಮೊಟ್ಟೆಯ ನಾತದ ಗಂಧಕದ ಅನಿಲಗಳನ್ನು ಬಿಡುತ್ತವೆ. ಅದೇ ರಾಶಿಗೆ ಒಣ ಎಲೆ ಬೆರೆಸಿ, ಆಗಾಗ ತಿರುವಿಹಾಕಿ, ಇಂಗಾಲ ಮತ್ತು ಸಾರಜನಕಗಳ ಅನುಪಾತ ಸುಮಾರು 30ಕ್ಕೆ 1 ಇರುವಂತೆ ನೋಡಿಕೊಂಡರೆ, ದೊಡ್ಡ ರಾಶಿಯ ಒಡಲು 55ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ, ರೋಗಾಣುಗಳೂ ಕಳೆಯ ಬೀಜಗಳೂ ಬಹುಮಟ್ಟಿಗೆ ಆ ಶಾಖದಲ್ಲಿ ನಾಶವಾಗುತ್ತವೆ. ಜ್ವಾಲೆಯಿಲ್ಲದ ಈ ಅಗ್ನಿ ಆರಿದ ಬಳಿಕ ರಾಶಿಗೆ ಮೊದಲ ಮಳೆಯ ನೆಲದ ವಾಸನೆ ಬರುತ್ತದೆ, ಮತ್ತು ಆ ವಾಸನೆಯೂ ಆಕ್ಟಿನೋಮೈಸೀಟ್ ಎಂಬ ಮಣ್ಣಿನ ಬ್ಯಾಕ್ಟೀರಿಯಾಗಳು ಉಂಟುಮಾಡುವ ಜಿಯೋಸ್ಮಿನ್ ಎಂಬ ವಸ್ತುವಿನದು. ನಾತವೂ ಸುವಾಸನೆಯೂ ಕೊಳೆಯುವಿಕೆಯಿಂದಲೇ ಹುಟ್ಟುತ್ತವೆ. ಅವೆರಡರ ನಡುವೆ ಗಾಳಿ, ಕಾಲ ಮತ್ತು ಕೈಯ ದುಡಿಮೆ ಇವೆ. ಹಾಗಾಗಿ ಅಶುದ್ಧಿ ಎಂಬುದಕ್ಕೆ ಮಣ್ಣಿನ ಲೋಕದಲ್ಲಿ ಏನಾದರೂ ಅರ್ಥವಿದ್ದರೆ ಅದು ತಡೆದು ನಿಲ್ಲಿಸಿದ ಸ್ಥಿತಿಗೆ, ಒಂದು ರೂಪವನ್ನು ಬಿಟ್ಟು ಇನ್ನೊಂದನ್ನು ಸೇರಲು ಬಿಡದ ಸ್ಥಿತಿಗೆ ಮಾತ್ರ ಸಲ್ಲುತ್ತದೆ.

ಸಿಪ್ಪೆಯನ್ನು ಗೊಬ್ಬರವಾಗಿಸುವುದೆಲ್ಲವೂ ಅರ್ಪಣೆಯೇ ಎಂದು ಇದರಿಂದ ಹೇಳಿದಂತಾಗುವುದಿಲ್ಲ. ಬೀದರ್ ಜಿಲ್ಲೆಯ ರೈತರು ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಬುತ್ತಿ ಹೊತ್ತು ಹೋಗಿ, ಜೋಳದ ದಂಟಿನ ಗುಡಿಸಲಿನಲ್ಲಿ ಪಾಂಡವರೆಂದು ಐದು ಕಲ್ಲುಗಳನ್ನಿಟ್ಟು ಪೂಜಿಸಿ, ತಾವು ಉಣ್ಣುವ ಮೊದಲು ಅಡುಗೆಯನ್ನು ಹೊಲದ ಸುತ್ತ ಚರಗವಾಗಿ ಚೆಲ್ಲುತ್ತಾರೆ. ಅಲ್ಲಿ ಮಣ್ಣಿಗೆ ಸಲ್ಲುವುದು ಮೊದಲ ತುತ್ತು. ಕುಂಡದ ಮಣ್ಣಿಗೆ ನಗರದ ಮನೆ ಕೊಡುವುದು ಕೊನೆಯದು, ಬೇಡವಾದದ್ದು. ಕಸದ ಬುಟ್ಟಿ ಹಗುರವಾಯಿತೆಂಬ ನೆಮ್ಮದಿಗಾಗಿ ಮಾಡಿದ ಗೊಬ್ಬರ ವಿಲೇವಾರಿಯಷ್ಟೇ ಆಗುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ಬೇಡವಾದ ಸಿಪ್ಪೆಯ ಜೊತೆಗೆ ಬೇಕಾದ ಸಮಯವನ್ನೂ ಗಮನವನ್ನೂ ಕೊಟ್ಟು, ತೇವ ನೋಡಿ, ತಿರುವಿ, ಕಾದು, ಜರಡಿ ಹಿಡಿದಾಗ ಮಾತ್ರ ಆ ಕೊನೆಯ ತುತ್ತಿಗೆ ಚರಗದ ಗೌರವ ಬರುತ್ತದೆ.

ತುಳಸಿಯ ಕುಂಡಕ್ಕೆ ಅಡುಗೆಮನೆಯ ಗೊಬ್ಬರ ಸಲ್ಲುತ್ತದೆಯೆ ಎಂದು ಮನೆಯ ಹಿರಿಯರು ಕೇಳಿದರೆ ಕೊಡಬಹುದಾದ ಉತ್ತರ ಈಗ ಸಾಕಷ್ಟು ಸ್ಪಷ್ಟವಿದೆ. ಹಸಿ ಸಗಣಿ ಎಷ್ಟೇ ಪವಿತ್ರವೆನಿಸಿದರೂ, ಕೊಳೆಯುವಾಗ ಬಿಡುವ ಅಮೋನಿಯಾದಿಂದ ಎಳೆಯ ಬೇರನ್ನು ಸುಟ್ಟು ತುಳಸಿಯನ್ನು ಕೊಲ್ಲಬಲ್ಲದು. ಮುಸುರೆಯೆಂದು ಹೊರಗಿಟ್ಟ ಸಿಪ್ಪೆ ಎರೆಹುಳುವಿನ ಒಡಲನ್ನು ಹಾದು, ಎರಡು ಮೂರು ತಿಂಗಳಲ್ಲಿ ಯಾವುದರ ಸಿಪ್ಪೆಯೆಂದು ಗುರುತು ಹಿಡಿಯಲಾಗದಷ್ಟು ಮಾಗಿದ ಮೇಲೆ ಅದೇ ತುಳಸಿಯನ್ನು ಸಾಕುತ್ತದೆ. ಮಾಗದ ಸಗಣಿಯನ್ನು ತಡೆಯಬೇಕು, ಮಾಗಿದ ಸಿಪ್ಪೆಯನ್ನು ಬರಮಾಡಿಕೊಳ್ಳಬೇಕು. ಇದನ್ನು ಮೀರಿದ ನಿಷೇಧಕ್ಕೆ ಗಿಡದ ಕಡೆಯಿಂದಾಗಲಿ ಶರಣರ ಚಿಂತನೆಯ ಕಡೆಯಿಂದಾಗಲಿ ಆಧಾರ ಸಿಗುವುದಿಲ್ಲ. ಘಟದ ಮಣ್ಣಿಗೆ ಹತ್ತನೆಯ ದಿನ ಮರಳಲು ಹೊಲವಿರುತ್ತದೆ. ಮೂರನೆಯ ಮಹಡಿಯ ಕುಂಡದ ಮಣ್ಣಿಗೆ ಅದಿಲ್ಲವಾದ್ದರಿಂದ, ವರ್ಷಕ್ಕೊಮ್ಮೆ ಅದನ್ನು ಹೊರತೆಗೆದು, ಹಳೆಯ ಬೇರುಗಳನ್ನು ಗೊಬ್ಬರದ ಬುಟ್ಟಿಗೆ ಹಾಕಿ, ಕುಗ್ಗಿದಷ್ಟು ಪಾಲಿಗೆ ಹೊಸ ಗೊಬ್ಬರ ಬೆರೆಸಿ, ಮತ್ತೆ ಅದೇ ಕುಂಡಕ್ಕೆ ತುಂಬುವ ಹೊಣೆ ಆ ಮನೆಯವರ ಮೇಲಿದೆ.